ಪುಣ್ಯಕೋಟಿಯ ಹುಲಿ ಸತ್ತಿದ್ದೇಕೆ?

ನವೆಂಬರ್ ಬಂತೆಂದರೆ ದೊಡ್ಡನೆಕ್ಕುಂದಿಯಂಥ ಐಟಿ ಬಡಾವಣೆಯ ಅಪಾರ್ಟ್‌ಮೆಂಟ್‌ಗಳಲ್ಲೂ ರಾಜ್ಯೋತ್ಸವದ ಶಾಮಿಯಾನ ಏಳುತ್ತದೆ. ಮಕ್ಕಳ ಕೈಯಲ್ಲಿ ಏನಾದರೂ ಆಡಿಸಬೇಕೆಂದರೆ ಅಮ್ಮಂದಿರಿಗೆ ಮೊದಲು ನೆನಪಾಗುವುದು ಗೋವಿನ ಹಾಡು. ರಟ್ಟಿನ ಕೊಂಬಿನ ಹಸು, ಪಟ್ಟೆ ಬಳಿದ ಟೀ ಶರ್ಟಿನ ಹುಲಿ, ಕೊಳಲು ಹಿಡಿದ ಗೊಲ್ಲ ಕಾಳಿಂಗ ಇದ್ದರೆ ಮುಗಿಯಿತು. ಕೊನೆಗೆ ಹುಲಿ ನೆಗೆದು ಬಿದ್ದು ಸತ್ತಾಗ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಯಾವುದೋ ಮಗು ‘ಪಾಪ, ಹುಲಿ ಯಾಕೆ ಸಾಯಬೇಕು?’ ಎಂದರೆ ಮಾತ್ರ ದೊಡ್ಡವರು ತಡವರಿಸುತ್ತಾರೆ.

ಮಗುವಿನ ಪ್ರಶ್ನೆ ಸಣ್ಣದಲ್ಲ. ಈ ಕಥೆ ಕನ್ನಡದ್ದೊಂದೇ ಅಲ್ಲ. ಪದ್ಮಪುರಾಣದಲ್ಲಿ ಹಸುವಿನ ಹೆಸರು ನಂದಾ. ಅಲ್ಲಿನ ಹುಲಿ ನಿಜಕ್ಕೆ ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡುತ್ತಿದ್ದ ಜಿಂಕೆಗೆ ಬಾಣ ಬಿಟ್ಟು ಶಾಪ ಹೊತ್ತವನು. ಕೊಟ್ಟ ಮಾತಿನಂತೆ ಹಿಂದಿರುಗಿದ ಹಸುವಿನ ಹೆಸರು ಕೇಳಿದ್ದೇ ತಡ, ಶಾಪ ಕಳೆದು ಅವನು ಮತ್ತೆ ಮನುಷ್ಯ. ಉತ್ತರ ಭಾರತದ ಬಹುಲಾ ಚೌತಿಯ ಕಥೆಯಲ್ಲಿ ಹಸುವನ್ನು ತಡೆಯುವುದು ಸಿಂಹ. ಅದು ಪರೀಕ್ಷೆಗೆಂದು ವೇಷ ತೊಟ್ಟ ಕೃಷ್ಣ. ಎರಡೂ ಕಡೆ ಮೃಗ ಸಲೀಸಾಗಿ ಪಾರಾಗುತ್ತದೆ.

ಕನ್ನಡದ ಹುಲಿ ಅರ್ಬುತನಿಗೆ ಈ ಅನುಕೂಲವಿಲ್ಲ. ಅವನು ರಾಜನಲ್ಲ, ದೇವರಲ್ಲ. ಹೊಟ್ಟೆಗೇನೂ ಇಲ್ಲದೆ ಹಸಿದ ಹುಲಿ, ಅಷ್ಟೇ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದ ಹಸು ಪುಣ್ಯಕೋಟಿ ಕಳ್ಳಾಟ ಆಡೀತೆಂದು ಅವನು ಅನುಮಾನಿಸಿದ್ದೂ ಸಹಜ. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು, ಉಳಿದ ಹಸುಗಳ ಬಳಿ ‘ಈ ತಬ್ಬಲಿಯನ್ನು ಹಾಯಬೇಡಿ, ಒದೆಯಬೇಡಿ’ ಎಂದು ಬೇಡಿಕೊಂಡು ಗವಿಯ ಬಾಗಿಲಿಗೆ ಬಂದು ನಿಂತಾಗ ಅವನಿಗೆ ಆಕೆ ಒಡಹುಟ್ಟಿದವಳಂತೆ ಕಾಣುತ್ತಾಳೆ. ತಿನ್ನಲಾರ, ತಿನ್ನದೆ ಬದುಕಲಾರ. ಪ್ರಾಣ ಬಿಡುತ್ತಾನೆ. ಹಾಡಿನಲ್ಲಿ ಅತ್ಯಂತ ದೊಡ್ಡ ಬದಲಾವಣೆ ಆಗುವುದು ಹಸುವಿನಲ್ಲಲ್ಲ, ಹುಲಿಯಲ್ಲಿ. ಹಸು ಮೊದಲಿನಿಂದಲೂ ಸತ್ಯವಂತೆಯೇ.

ಹಾಡನ್ನು ಬರೆದವರು ಯಾರೋ ತಿಳಿಯದು. ಮೂರು-ನಾಲ್ಕು ಮಾತ್ರೆಗಳ ನಡಿಗೆ ಇರುವುದರಿಂದ ಓದು ಬಾರದವರ ನಾಲಗೆಯ ಮೇಲೂ ಸರಾಗ ನಿಂತಿತು. ಶಾಲೆಯ ಪುಸ್ತಕಕ್ಕೆ ಬರುವಾಗ ಪದ್ಯಗಳು ಉದುರಿದವು. ಪೂರ್ತಿ ಹಾಡು ಹುಲಿಯ ಸಾವಿಗೆ ನಿಲ್ಲುವುದಿಲ್ಲ. ಪ್ರತಿ ಸಂಕ್ರಾಂತಿಯಲ್ಲೂ ಚೆನ್ನಕೃಷ್ಣನನ್ನು ಭಜಿಸಿರೆಂದು ಪುಣ್ಯಕೋಟಿ ಗೊಲ್ಲನಿಗೆ ಹೇಳುತ್ತಾಳೆ. ಹಳೇ ಮೈಸೂರಿನ ಕಡೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುವ ಹಬ್ಬಕ್ಕೆ ಈ ಹಾಡು ಹೊಂದಿಕೊಳ್ಳುವುದು ಹೀಗೆ.

ಆಮೇಲೆ ಹಾಡನ್ನು ತಮಗೆ ಬೇಕಾದಂತೆ ಎಳೆದುಕೊಂಡವರು ಹಲವರು. ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಹೆಸರು ಪಡೆದದ್ದೇ ಇಲ್ಲಿಂದ. ಆ ಕಾದಂಬರಿಯ ನಾಯಕ ಕಾಳಿಂಗ ಅಮೆರಿಕದಲ್ಲಿ ಕೃಷಿ ಓದಿ ಬಂದವನು. ಮನೆಯಲ್ಲಿ ಪುಣ್ಯಕೋಟಿಯ ಸಂತತಿ, ಜೊತೆಗೆ ವಿದೇಶಿ ಹೆಂಡತಿ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಇದನ್ನು 1977ರಲ್ಲಿ ಸಿನಿಮಾ ಮಾಡಿದರು. ಹಿಂದಿಯಲ್ಲಿ ಅದು ‘ಗೋಧೂಳಿ’. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಜಾನುವಾರುಗಳ ದತ್ತು ಯೋಜನೆಗೂ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ಹುಲಿಯ ಹೆಸರನ್ನು ಯಾರೂ ಯಾವುದಕ್ಕೂ ಇಟ್ಟಂತಿಲ್ಲ!

ಐಟಿ ಜಗತ್ತೂ ಹಿಂದೆ ಬೀಳಲಿಲ್ಲ. ಇನ್ಫೋಸಿಸ್ ಉದ್ಯೋಗಿಯಾಗಿದ್ದ ರವಿಶಂಕರ್ ಜನರಿಂದ ಹಣ ಕೂಡಿಸಿ, ಈ ಕಥೆಯನ್ನು ಸಂಸ್ಕೃತ ಅನಿಮೇಷನ್ ಚಿತ್ರವಾಗಿಸಿದರು. ಸಂಗೀತ ಇಳಯರಾಜಾ ಅವರದು. ಹಸುವಿಗೆ ದನಿ ಕೊಟ್ಟವರು ನಟಿ ರೇವತಿ. ‘ಪುಣ್ಯಕೋಟಿ’ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಮಕ್ಕಳಿಗೆ ತೋರಿಸಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಪಠ್ಯದ ತುಣುಕಲ್ಲ, ಇಡೀ ಗೋವಿನ ಹಾಡನ್ನು ಒಮ್ಮೆ ಅವರ ಮುಂದೆ ಜೋರಾಗಿ ಹಾಡಿ. ಹುಲಿಯ ಬಗ್ಗೆ ಅವರು ಕೇಳುವ ಪ್ರಶ್ನೆಯನ್ನು ಮಾತ್ರ ಅರ್ಧಕ್ಕೆ ತಡೆಯಬೇಡಿ.