ಟೈಮಿಂಗ್ ಬೆಲ್ಟ್ ಬದಲಿಸಿ ಎಷ್ಟು ವರ್ಷ ಆಯ್ತು?

ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಹಾಲಿನವನ ಲೆಕ್ಕ, ಮಗುವಿನ ಲಸಿಕೆಯ ತಾರೀಖು... ಎಲ್ಲವೂ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತೆ. ಆದರೆ ನಿಮ್ಮ ಮನೆ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಿದ್ದು ಯಾವಾಗ ಅಂತ ಕೇಳಿದರೆ? ‘ಅದೆಲ್ಲ ನಮ್ಮ ಯಜಮಾನರಿಗೆ ಗೊತ್ತು’ ಅಂತೀರಿ. ಯಜಮಾನರನ್ನು ಕೇಳಿ ನೋಡಿ, ‘ಗ್ಯಾರೇಜಿನವನಿಗೆ ಗೊತ್ತು’ ಅಂತಾರೆ!

ನಮ್ಮ ಮನೆಯಲ್ಲೂ ಇದೇ ಕತೆ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಹಾಸನಕ್ಕೆ, ನನ್ನ ತವರಿಗೆ ಹೊರಟಿದ್ದೆವು. ಯಡಿಯೂರು ದಾಟಿ ಸ್ವಲ್ಪ ದೂರ ಹೋಗಿರಬಹುದು. ಹೊಗೆಯಿಲ್ಲ, ಸದ್ದಿಲ್ಲ, ಓಡುತ್ತಿದ್ದ ಕಾರಿನ ಎಂಜಿನ್ ದಿಢೀರನೆ ನಿಂತುಹೋಯಿತು. ಹಿಂದೆ ಲಾರಿ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಗಳು. ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. ಆಮೇಲೆ ನಮ್ಮವರು ಮಾಡಿದ್ದೇನು? ಎಲ್ಲರೂ ಮಾಡುವುದನ್ನೇ. ಐದಾರು ಸಲ ಕೀ ತಿರುಗಿಸಿದರು.

ಬೆಲ್ಟ್ ತುಂಡಾಗಿತ್ತು. ಒಳಗೆ ವಾಲ್ವ್‌ಗಳು ಬಾಗಿದ್ದವು. ಕೆಲವು ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಎಂಜಿನ್ ಹೆಡ್ಡನ್ನೇ ಬಿಚ್ಚಿಸಬೇಕಾಯಿತು. ಮಗಳ ಸ್ಕೂಲ್ ಫೀಸಿಗೆಂದು ಎತ್ತಿಟ್ಟ ದುಡ್ಡೆಲ್ಲ ಅಲ್ಲೇ ಹೋಯಿತು. ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಕೊಳ್ಳುವಾಗ ಬಣ್ಣ ನೋಡಿದೆವು, ಟೈರ್ ನೋಡಿದೆವು, ಎ.ಸಿ. ಹಾಕಿ ನೋಡಿದೆವು. ಬೆಲ್ಟ್ ಬಗ್ಗೆ ಕೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಏನಿದು ಬೆಲ್ಟ್ ಅಂತೀರಾ? ಹೊಲಿಗೆ ಯಂತ್ರ ಗೊತ್ತಲ್ಲ. ಸೂಜಿ ಕೆಳಗಿಳಿಯುವ ಹೊತ್ತಿಗೆ ಷಟಲ್ ತನ್ನ ಜಾಗದಲ್ಲಿರಬೇಕು. ಲಯ ತಪ್ಪಿದರೆ ಸೂಜಿ ತಾಗಿ ಮುರಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಿರುತ್ತದೆ, ವಾಲ್ವ್‌ಗಳು ತೆರೆದು ಮುಚ್ಚುತ್ತಿರುತ್ತವೆ. ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದರೆ ಮೇಲಿನ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತಬೇಕು. ಈ ತಾಳ ತಪ್ಪದಂತೆ ಅವೆರಡನ್ನೂ ಜೋಡಿಸುವುದೇ ಈ ಹಲ್ಲುಗಳಿರುವ ರಬ್ಬರ್ ಪಟ್ಟಿ. ಅದು ಕಡಿದರೆ ಬಹಳಷ್ಟು ಎಂಜಿನ್‌ಗಳಲ್ಲಿ, ಡೀಸೆಲ್ ಕಾರುಗಳಲ್ಲಂತೂ, ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ.

ಎಲ್ಲ ಕಾರುಗಳಲ್ಲೂ ಇದು ಇರುವುದಿಲ್ಲ. ಮಾರುತಿ 800, ಹಳೆಯ ಸ್ಯಾಂಟ್ರೊ, ಡಸ್ಟರ್ ಡೀಸೆಲ್‌ಗಳಲ್ಲಿ ಬೆಲ್ಟ್ ಇದೆ. ಕೆ-ಸಿರೀಸ್ ಎಂಜಿನ್ನಿನ ಸ್ವಿಫ್ಟ್, ವ್ಯಾಗನ್ ಆರ್‌ಗಳಲ್ಲಿ ಬೆಲ್ಟ್ ಬದಲು ಚೈನ್. ಅದಕ್ಕೆ ಕಾಲಕಾಲಕ್ಕೆ ಆಯಿಲ್ ಬದಲಿಸುತ್ತಿದ್ದರೆ ಬಹುಕಾಲ ಬಾಳುತ್ತದೆ. ನಿಮ್ಮ ಕಾರಿನಲ್ಲಿ ಯಾವುದು ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಸವೆದದ್ದು ಗೊತ್ತಾಗುವುದು ಹೇಗೆ? ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸುವುದು, ನಿಂತಲ್ಲೇ ಎಂಜಿನ್ ನಡುಗುವುದು, ಎಕ್ಸಲರೇಟರ್ ಒತ್ತಿದಾಗ ಮುಗ್ಗರಿಸುವುದು, ಬೆಲ್ಟ್ ಇರುವ ಕಡೆಯಿಂದ ಟಿಕ್ ಟಿಕ್ ಅಥವಾ ಗುಂಯ್ ಅನ್ನುವ ಸದ್ದು, ಅಲ್ಲೇ ಕೆಳಗೆ ಆಯಿಲ್ ಇಲ್ಲವೇ ಕೂಲೆಂಟ್ ತೊಟ್ಟಿಕ್ಕಿದ ಕಲೆ ಇವೆಲ್ಲ ಸುಳಿವುಗಳು. ಮೆಕ್ಯಾನಿಕ್ ಕವರ್ ಬಿಚ್ಚಿದರೆ ಬೆಲ್ಟಿನಲ್ಲಿ ಬಿರುಕು, ಅಂಚಿನಲ್ಲಿ ಎಳೆ ಕಿತ್ತಿರುವುದು, ಹಲ್ಲು ಉದುರಿರುವುದು ಕಾಣಬಹುದು. ಬಾನೆಟ್ ಒಳಗಿಂದ ‘ಕೀಂಯ್’ ಅಂತ ಕಿರುಚುವುದು ಸಾಮಾನ್ಯವಾಗಿ ಹೊರಗಿನ ಫ್ಯಾನ್ ಬೆಲ್ಟ್. ಅದನ್ನು ಬದಲಿಸಿ ‘ಬೆಲ್ಟ್ ಹೊಸದು ಹಾಕಿದ್ದೀವಿ ಮೇಡಂ’ ಅಂದರೆ, ಯಾವ ಬೆಲ್ಟ್ ಅಂತ ಕೇಳಿ!

ಆದರೆ ಈ ಸುಳಿವುಗಳನ್ನೇ ನಂಬಿ ಕೂರಬೇಡಿ. ನೋಡಲು ಹೊಸದರಂತಿರುವ ಬೆಲ್ಟೂ ಒಂದು ದಿನ ಸುಮ್ಮನೆ ಕಡಿಯಬಹುದು. ನಮ್ಮದು ಕಡಿದದ್ದೂ ಹಾಗೆಯೇ. ಇದರ ಆಯಸ್ಸು ಕಿವಿಗೆ ಕೇಳುವುದಿಲ್ಲ, ಪುಸ್ತಕದಲ್ಲಿರುತ್ತದೆ. ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್, ಇಷ್ಟು ವರ್ಷ ಎಂದು ಬರೆದಿರುತ್ತಾರೆ. ಹಲವು ಕಾರುಗಳಿಗೆ 60 ಸಾವಿರದಿಂದ 1 ಲಕ್ಷ ಕಿ.ಮೀ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ‘ನಮ್ಮ ಕಾರು ದೇವಸ್ಥಾನಕ್ಕೆ, ಮಾರ್ಕೆಟ್ಟಿಗೆ ಅಷ್ಟೇ, ಹೆಚ್ಚು ಓಡಿಲ್ಲ’ ಅನ್ನುವವರು ಗಮನಿಸಿ. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ, ಕುಕ್ಕರಿನ ಗ್ಯಾಸ್ಕೆಟ್ ಹಾಗೆ. ಹಳೆಯ ಇನ್ನೋವಾ 2.5 ಡೀಸೆಲ್‌ನಲ್ಲಿ ಇದಕ್ಕೆಂದೇ ‘ಟಿ-ಬೆಲ್ಟ್’ ಅನ್ನುವ ದೀಪ ಹತ್ತುತ್ತದೆ. ಎಲ್ಲ ಕಾರಿಗೂ ಅದೊಂದು ಇದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೀರಾ, ಬಿಲ್ ಇಲ್ಲವಾ? ಬೆಲ್ಟ್ ಬದಲಿಸಿಯೇ ಇಲ್ಲ ಅಂತ ತಿಳಿದು ಹೊಸದು ಹಾಕಿಸಿಬಿಡಿ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ತಾಳ ತಪ್ಪುತ್ತದೆ. ಆದರೆ ಮುಂದೆ ನಿಂತು ಕೇಳಬೇಕಾದ ಮಾತುಗಳಿವೆ. ಬೆಲ್ಟ್ ಜೊತೆಗೆ ಟೆನ್ಷನರ್ ಮತ್ತು ಬೇರಿಂಗ್‌ಗಳನ್ನೂ ಬದಲಿಸಿ ಅನ್ನಿ. ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಆಗಿದ್ದರೆ ಅದನ್ನೂ ಆಗಲೇ ಹಾಕಿಸಿ. ಇಲ್ಲದಿದ್ದರೆ ನಾಳೆ ಪಂಪ್ ಸೋರಿದಾಗ ಅದೇ ಬಿಚ್ಚುವ ಕೂಲಿ ಮತ್ತೆ ಕೊಡಬೇಕು. ಹೊಸ ಬೆಲ್ಟ್ ಹಾಕಿ ಗುರುತುಗಳನ್ನು ಹೊಂದಿಸಿದ ಮೇಲೆ, ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯೇ ಎಂದು ನೋಡಬೇಕು. ‘ತಿರುಗಿಸಿ ನೋಡಿದ್ರಾ?’ ಅಂತ ಕೇಳಿ. ಆ ಪ್ರಶ್ನೆ ಕೇಳಿದ ಮೇಲೆ ನಮ್ಮ ಮೆಕ್ಯಾನಿಕ್ ನನ್ನ ಹತ್ತಿರ ಮಾತಾಡುವ ಧಾಟಿಯೇ ಬದಲಾಯಿತು! ಹಳೆಯ ಸಾಮಾನು ವಾಪಸ್ ಇಸ್ಕೊಳ್ಳಿ.

ಅಕಸ್ಮಾತ್ ದಾರಿಯಲ್ಲೇ ಕಡಿದರೆ? ಸ್ಟೀರಿಂಗ್ ಭಾರವಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಬ್ರೇಕ್ ಹೋಗಿಲ್ಲ, ಪದೇಪದೇ ಒತ್ತದೆ ಒಂದೇ ಸಲ ಬಲವಾಗಿ ಒತ್ತಿ. ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬನ್ನಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಲೂಬೇಡಿ, ತಳ್ಳಿಸಲೂಬೇಡಿ. ಉಳಿದ ವಾಲ್ವ್‌ಗಳೂ ಬಾಗಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ.

ನಮ್ಮ ಕಾರಿನ ಬಾನೆಟ್ ಒಳಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಬೆಲ್ಟ್ ಹಾಕಿಸಿದ ತಾರೀಖು, ಅವತ್ತಿನ ಕಿಲೋಮೀಟರ್. ಅದರದೇ ನಕಲು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿದೆ.