ಉತ್ತರ ಬೇಡ, ದಾರಿ ಹೇಳಿ

ಅಘನಾಶಿನಿ ನದಿ ಕಡಲು ಸೇರುವಲ್ಲಿ ಒಂದು ದಡದಲ್ಲಿ ತದಡಿ, ಎದುರು ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಊರು. ನಡುವೆ ಬಾರ್ಜು ಓಡಾಡುತ್ತದೆ. ಬಾರ್ಜು ಇಲ್ಲ, ಪುಟ್ಟದೊಂದು ದೋಣಿ ಮಾತ್ರ ಇದೆ ಅಂದುಕೊಳ್ಳಿ. ಅಂಬಿಗನ ಜೊತೆಗೆ ಅದರಲ್ಲಿ ಇನ್ನೊಂದಕ್ಕೆ ಮಾತ್ರ ಜಾಗ. ದಾಟಿಸಬೇಕಾದದ್ದು ಹುಲಿ, ಆಡು, ಹುಲ್ಲಿನ ಹೊರೆ. ಅಂಬಿಗ ಹತ್ತಿರ ಇಲ್ಲದಿದ್ದರೆ ಹುಲಿ ಆಡನ್ನು ತಿಂದುಬಿಡುತ್ತದೆ, ಆಡು ಹುಲ್ಲನ್ನು. ಈ ಲೆಕ್ಕ ಕೇಳದವರು ಕಡಿಮೆ. ಯುರೋಪಿನವರೂ ಇದನ್ನೇ ತೋಳ, ಆಡು, ಎಲೆಕೋಸಿನ ವೇಷದಲ್ಲಿ ಸಾವಿರ ವರ್ಷಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ಬರೆದಿಟ್ಟಿದ್ದಾರೆ.

ಇದನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ನೋಡಿ. ಭಟ್ಕಳದ ಎಷ್ಟೋ ಮನೆಗಳ ಗುಂಪಿನಲ್ಲಿ ದುಬೈಯವರಿರುತ್ತಾರೆ, ಹೊನ್ನಾವರ, ಕುಮಟೆಯವರ ಗುಂಪಿನಲ್ಲಿ ಬೆಂಗಳೂರು, ಮುಂಬೈಯವರು. ಯಾರೋ ಒಬ್ಬರು ಅರೆನಿಮಿಷದಲ್ಲಿ ‘7 ಸಲ’ ಎಂದು ಒತ್ತುತ್ತಾರೆ, ಅಲ್ಲಿಗೆ ಆಟ ಮುಗಿಯಿತು. ಉತ್ತರ ಸರಿಯೇ. ಆದರೆ ಅದರಿಂದ ಉಳಿದ ಹತ್ತು ಮಂದಿಗೆ ಏನೂ ದಕ್ಕಲಿಲ್ಲ. ಹಾಗಾಗಿ ಕೇಳುವವರು ಮೊದಲೇ ಕರಾರು ಹಾಕಬೇಕು: ಸಂಖ್ಯೆ ಬರೆಯಬೇಡಿ, ನಿಮಗೆ ಖಾತ್ರಿಯಾದ ಒಂದೇ ಒಂದು ಹೆಜ್ಜೆ ಬರೆಯಿರಿ, ಅದು ಯಾಕೆ ಹಾಗೆಯೇ ಆಗಬೇಕು ಎನ್ನುವುದನ್ನೂ ಬರೆಯಿರಿ.

ಆಗ ಕೆಲಸ ಹಂಚಿಕೊಳ್ಳಬಹುದು. ತದಡಿಯ ದಡದಿಂದ ಒಬ್ಬರು ಹೊರಡಲಿ. ಹುಲಿಯನ್ನು ಮೊದಲು ಒಯ್ದರೆ ಆಡು ಹುಲ್ಲು ಉಳಿಯುತ್ತವೆ, ಹುಲ್ಲನ್ನು ಒಯ್ದರೆ ಹುಲಿ ಆಡು. ಆದ್ದರಿಂದ ಮೊದಲ ಸವಾರಿ ಆಡಿನದೇ. ಇನ್ನೊಬ್ಬರು ಕೊನೆಯಿಂದ ಹಿಂದಕ್ಕೆ ಬರಲಿ. ಕೊನೆಯ ಸಲ ದೋಣಿಯಲ್ಲಿ ಯಾರಿದ್ದರು? ಹುಲಿಯಾಗಿದ್ದರೆ ಆಚೆ ದಡದಲ್ಲಿ ಆಡು ಹುಲ್ಲು ಮೊದಲೇ ಒಟ್ಟಿಗಿದ್ದವು, ಹುಲ್ಲಾಗಿದ್ದರೆ ಹುಲಿ ಆಡು. ಹಾಗಾಗಿ ಕೊನೆಯ ಸವಾರಿಯೂ ಆಡಿನದೇ. ಈ ಎರಡು ಮಾತು ಗುಂಪಿನಲ್ಲಿ ಎದುರುಬದುರಾದ ಕೂಡಲೇ ಗಂಟು ಬಿಚ್ಚುತ್ತದೆ: ಮೊದಲೂ ಆಡು, ಕೊನೆಗೂ ಆಡು ಹೋಗಬೇಕಾದರೆ ನಡುವೆ ಒಮ್ಮೆ ಅದು ಮರಳಿ ಬರಲೇಬೇಕು. ಒಬ್ಬರೇ ಕೂತು ಬಿಡಿಸುವವರು ಎಡವುವುದು ಇಲ್ಲೇ. ದಾಟಿಸಿದ್ದನ್ನು ವಾಪಸು ತರುವುದು ನಷ್ಟ ಎಂದು ಮನಸ್ಸು ಹಟ ಹಿಡಿಯುತ್ತದೆ.

ಮೂರನೆಯವರು ತಾಳೆ ನೋಡಬಹುದು. ಅಂಬಿಗನೂ ಸೇರಿ ನಾಲ್ವರು, ಒಬ್ಬೊಬ್ಬರಿಗೆ ಎರಡು ದಡ; ಒಟ್ಟು 16 ಸ್ಥಿತಿಗಳು. ಅವುಗಳಲ್ಲಿ 6ರಲ್ಲಿ ಯಾರೋ ಯಾರನ್ನೋ ತಿನ್ನುತ್ತಾರೆ. ಉಳಿದ 10ನ್ನು ಚೀಟಿಯಲ್ಲಿ ಬರೆದು, ಒಂದೇ ಸವಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದಲ್ಲಿ ಗೆರೆ ಎಳೆದು ಫೋಟೊ ಕಳಿಸಿದರೆ ವಾದಕ್ಕೆ ಜಾಗವೇ ಇಲ್ಲ. ಏಳು ಸವಾರಿಯ ದಾರಿ ಒಂದಲ್ಲ, ಎರಡು ಎನ್ನುವುದೂ ಆ ಚಿತ್ರದಲ್ಲೇ ಕಾಣುತ್ತದೆ.

ಎಲ್ಲ ಜಗಳವೂ ಇಷ್ಟು ಚೆಂದವಾಗಿ ಮುಗಿಯುವುದಿಲ್ಲ. ಹೊನ್ನಾವರದ ಶರಾವತಿ ರೈಲು ಸೇತುವೆ ಎರಡು ಕಿಲೋಮೀಟರಿಗೂ ತುಸು ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಲೆಕ್ಕಕ್ಕೆ 2,060 ಮೀಟರ್ ಇಟ್ಟುಕೊಳ್ಳಿ. ರೈಲು 440 ಮೀಟರ್ ಉದ್ದ, ವೇಗ ಗಂಟೆಗೆ 60 ಕಿಲೋಮೀಟರ್. ದಾಟಲು ಎಷ್ಟು ಹೊತ್ತು? ಒಬ್ಬರು ಸುಮಾರು 124 ಸೆಕೆಂಡು ಎನ್ನುತ್ತಾರೆ, ಇನ್ನೊಬ್ಬರು 150. ಮೊದಲಿನವರು ಎಂಜಿನ್ನಿನ ಮೂತಿಯನ್ನು ದಾಟಿಸಿದರು, ಎರಡನೆಯವರು ಕೊನೆಯ ಡಬ್ಬಿಯನ್ನು. ಇಬ್ಬರ ಲೆಕ್ಕವೂ ಸರಿ, ಪ್ರಶ್ನೆಯೇ ಅರ್ಧ. ಫಾರ್ವರ್ಡ್ ಆಗಿ ಬರುವ ‘ಮೇಧಾವಿಗಳಿಗೆ ಮಾತ್ರ’ ಮಾದರಿಯ ಒಗಟುಗಳಲ್ಲಿ ಬಹುಪಾಲು ಇದೇ ಜಾತಿಯವು. ಅಂಥದ್ದರ ಉತ್ತರಕ್ಕೆ ಕಿತ್ತಾಡುವ ಬದಲು ಪ್ರಶ್ನೆಯನ್ನು ತಿದ್ದಿ ಬರೆಯುವುದೇ ಒಳ್ಳೆಯ ಆಟ.

ಹೊಸ ಒಗಟಿಗೆ ಇಂಟರ್‌ನೆಟ್ ಜಾಲಾಡಿದರೆ ಕೆಳಗೇ ಉತ್ತರವೂ ಸಿಗುತ್ತದೆ, ಅದೇ ತೊಂದರೆ. ಹಳೆಯ ಗಣಿಗೆ ಕೈಹಾಕುವುದು ಮೇಲು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಪಂಡಿತ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ಅಂಥದ್ದು. ಮೂಲ ಸಂಸ್ಕೃತ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು 2000ರಲ್ಲಿ ಪ್ರಕಟಿಸಿದ್ದು ಘಟ್ಟದ ಮೇಲಿನ ನಮ್ಮ ನೆರೆಯ ಹೊಂಬುಜದ ಜೈನ ಮಠ. ಅದರಲ್ಲಿ ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರದ ಲೆಕ್ಕವೊಂದಿದೆ. ಮೂರನೇ ಒಂದು ಪಾಲು ಮುತ್ತು ಹುಡುಗಿಯ ಕೈಸೇರಿತು, ಆರನೇ ಒಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಬಾರಿ ಚೆಲ್ಲಾಪಿಲ್ಲಿಯಾಯಿತು. ಕೊನೆಗೆ ಉಳಿದದ್ದು 1,161. ಹಾರದಲ್ಲಿದ್ದ ಮುತ್ತೆಷ್ಟು?

ಬೀಜಗಣಿತ ಕಲಿತವರು ಕೂಡಲೇ ಸಮೀಕರಣ ಹೂಡುತ್ತಾರೆ. ಸಮೀಕರಣವೇ ಗೊತ್ತಿಲ್ಲದ ಅಜ್ಜಿಯೂ ಇದನ್ನು ಬಿಡಿಸಬಲ್ಲಳು, ದೋಣಿಯ ಲೆಕ್ಕದ ಹಾಗೆ ಹಿಂದಿನಿಂದ ಬಂದರೆ. 1,161ನ್ನು ಆರು ಸಲ ಇಮ್ಮಡಿ ಮಾಡಿದರೆ 74,304. ಮೂರನೇ ಒಂದು ಮತ್ತು ಆರನೇ ಒಂದು ಸೇರಿದರೆ ಅರ್ಧ, ಆದ್ದರಿಂದ ಈ 74,304 ಹಾರದ ಇನ್ನರ್ಧ. ಮತ್ತೊಮ್ಮೆ ಇಮ್ಮಡಿಸಿ: 1,48,608. ಅಷ್ಟು ಮುತ್ತಿನ ಹಾರ ಹೊತ್ತವಳ ಕತ್ತಿನ ಗತಿಯನ್ನು ಆಚಾರ್ಯರು ಕೇಳಿಲ್ಲ.

ಬಿಡಿಸಿದವರು ಅದನ್ನು ಉಳಿದವರ ಕಣ್ಣಿಗೆ ಬೀಳದಂತೆ ಇಡುವುದು ಹೇಗೆ? ಟೆಲಿಗ್ರಾಮ್‌ನಲ್ಲಿ ಮುಟ್ಟಿದರೆ ಮಾತ್ರ ಕಾಣುವಂತೆ ಅಕ್ಷರಗಳನ್ನು ಮಸುಕುಗೊಳಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದು ಸಾಲಿಗೆ ಒಂದು ಚುಕ್ಕಿ ಇಡುತ್ತ ಹೋಗಿ ಕೊನೆಯಲ್ಲಿ ಬರೆದರೆ ಸಂದೇಶ ಮಡಚಿಕೊಳ್ಳುತ್ತದೆ, ಬೇಕಾದವರು ಬಿಚ್ಚಿ ನೋಡುತ್ತಾರೆ. ಇನ್ನೂ ಒಳ್ಳೆಯದು, ಉತ್ತರವನ್ನು ಕೇಳಿದವರಿಗೇ ಖಾಸಗಿಯಾಗಿ ಕಳಿಸುವುದು. ಮೂವರು ಒಂದೇ ಉತ್ತರ ಹಾಕಿದ ಮೇಲೆ ನಾಲ್ಕನೆಯವರು ತಮ್ಮ ಸರಿ ಉತ್ತರವನ್ನೂ ಅಳಿಸಿಬಿಡುವುದುಂಟು. ಗುಂಪಿನ ಮತದಾನದಿಂದ ಲೆಕ್ಕ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. ಸಿಕ್ಕಿಕೊಂಡವರಿಗೆ ಸುಳಿವು ಕೊಡುವಾಗಲೂ ಮುಂದಿನ ಹೆಜ್ಜೆ ಹೇಳಬೇಡಿ, ಮುಂದಿನ ಪ್ರಶ್ನೆ ಕೇಳಿ: ‘ಕೊನೆಯ ಸಲ ದೋಣಿಯಲ್ಲಿ ಯಾರಿದ್ದರು?’

ಮಹಾವೀರಾಚಾರ್ಯರದೇ ಇನ್ನೊಂದು: 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು, 11111111. ಮೊಬೈಲಿನ ಕ್ಯಾಲ್ಕುಲೇಟರ್ ಇದು ನಿಜ ಎನ್ನುತ್ತದೆ, ಯಾಕೆಂದು ಹೇಳುವುದಿಲ್ಲ. ಎಂಟು ಒಂದುಗಳನ್ನು ನಾಲ್ಕು ನಾಲ್ಕಾಗಿ ಕತ್ತರಿಸಿ ನೋಡಿದವರಿಗೆ ಅದು 1111 ಮತ್ತು 10001ರ ಗುಣಲಬ್ಧ ಎಂದು ಹೊಳೆಯುತ್ತದೆ. ಇನ್ನೊಬ್ಬರು 10001ನ್ನು ಒಡೆಯುತ್ತ ಕೂತರೆ 73 ಮತ್ತು 137 ಸಿಗುತ್ತವೆ. 1111ನ್ನು 137ರಿಂದ ಗುಣಿಸಿದರೆ 152207. ಎಂಟು ಆದ ಮೇಲೆ ಗುಂಪಿಗೆ ಒಂಬತ್ತು ಒಂದುಗಳನ್ನು ಕೊಡಿ. ಅದನ್ನು ಒಡೆಯುವುದು ಇನ್ನೂ ಸುಲಭ. ಕೇಳಿದವರಿಗೆ, ಅಂಕಿಗಳನ್ನೆಲ್ಲ ಒಮ್ಮೆ ಕೂಡಿದರೆ ಎಷ್ಟು ಬರುತ್ತದೆ ಎಂದಷ್ಟೇ ಕೇಳಿ.