ಉಮ್ರಾಕ್ಕೆ ಹೊರಡುವ ಮುನ್ನ ಕಾರ್ಡನ್ನೂ ಒಮ್ಮೆ ನೋಡಿಕೊಳ್ಳಿ

ಮೊನ್ನೆ ನಾವು ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದದ್ದು 300 ರಿಯಾಲ್ ಸಾಲ ತೀರಿಸಲಿಕ್ಕೆ.

ಸಾಲ ಆದದ್ದು ಮಕ್ಕಾದಲ್ಲಿ. ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಕಲಬುರಗಿಯಲ್ಲೇ ನೆಲೆಯಾದ ಬ್ಯಾರಿಗಳು ನಾವು. ಉಮ್ಮನನ್ನು ಕರೆದುಕೊಂಡು ಉಮ್ರಾಕ್ಕೆ ಹೋಗಿದ್ದೆವು. ಹೊರಡುವ ಮೊದಲು ಉಮ್ಮ ಹಾಲಿನವನಿಂದ ಹಿಡಿದು ಎಲ್ಲರ ಲೆಕ್ಕ ಚುಕ್ತಾ ಮಾಡಿದ್ದರು. ಆದರೆ ನಾಲ್ಕನೇ ದಿನ ಕೈಯಲ್ಲಿದ್ದ ರಿಯಾಲ್ ಮುಗಿಯಿತು. ಎಟಿಎಂಗೆ ಹೋದರೆ ಕಾರ್ಡ್ ತಿರಸ್ಕೃತ. ಖಾತೆಯಲ್ಲಿ ದುಡ್ಡಿದೆ, ಕೈಗೆ ಬರುತ್ತಿಲ್ಲ! ಉಮ್ಮನ ಮದ್ದು ತರಬೇಕಿತ್ತು. ಅದೇ ಗುಂಪಿನಲ್ಲಿದ್ದ ಕಮಲಾಪುರದ ಬಾಳೆ ಬೆಳೆಗಾರ ಚಾಚಾ ಕೇಳುವ ಮೊದಲೇ 300 ರಿಯಾಲ್ ಕೈಗಿಟ್ಟರು.

ತಪ್ಪು ನಮ್ಮದೇ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡ್‌ಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್, ನೆಟ್‌ಬ್ಯಾಂಕಿಂಗ್ ಅಥವಾ ಎಟಿಎಂ ಮೂಲಕ ಆನ್ ಮಾಡಿಕೊಳ್ಳಬೇಕು. ಅಲ್ಲಿ ಆನ್ ಮಾಡಲು ಹೋದರೆ ಒಟಿಪಿ ಬರಬೇಕು. ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಇವೆರಡನ್ನೂ ಊರಲ್ಲೇ ಮುಗಿಸಿ.

ಹಾಗಾದರೆ ಯಾವ ಕಾರ್ಡ್ ಒಳ್ಳೆಯದು?

ಡೆಬಿಟ್ ಕಾರ್ಡ್: ಆಪತ್ತಿಗೆ ಒಳ್ಳೆಯದು, ದಿನನಿತ್ಯಕ್ಕೆ ದುಬಾರಿ. ಹಲವು ಬ್ಯಾಂಕುಗಳು ವಿದೇಶಿ ಹಣಕ್ಕೆ ಪರಿವರ್ತಿಸುವಾಗ ಶೇ. 3.5ರವರೆಗೆ ಹೆಚ್ಚುವರಿ ಹಿಡಿಯುತ್ತವೆ. 20,000 ರೂಪಾಯಿ ತೆಗೆದರೆ 700 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ 126. ಒಟ್ಟು 826 ರೂಪಾಯಿ ಹೋಯಿತು. ಎಟಿಎಂ ಶುಲ್ಕ ಬೇರೆ. ಹಾಗಾಗಿ ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯಬೇಡಿ.

ಫಾರೆಕ್ಸ್ ಕಾರ್ಡ್: ಮೊದಲೇ ರಿಯಾಲ್ ತುಂಬಿಸಿಕೊಂಡು ಹೋಗುವ ಕಾರ್ಡ್. ತುಂಬಿಸಿದ ದಿನದ ದರವೇ ಕೊನೆವರೆಗೂ. ಡಾಲರ್ ಮಾತ್ರ ತುಂಬಿಸಿದರೆ ರಿಯಾಲ್‌ಗೆ ಮತ್ತೊಮ್ಮೆ ಪರಿವರ್ತನೆ ಶುಲ್ಕ ಬೀಳಬಹುದು, ರಿಯಾಲನ್ನೇ ಕೇಳಿ. ಉಳಿದ ಹಣ ವಾಪಸ್ ಪಡೆಯುವ ದರವನ್ನೂ ಮೊದಲೇ ಕೇಳಿಕೊಳ್ಳಿ.

ಕ್ರೆಡಿಟ್ ಕಾರ್ಡ್: ಇದರಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಶುರು. ಇಬಾದತ್‌ಗೆ ಹೋದವರು ಬಡ್ಡಿ ಹೊತ್ತು ಬರುವುದು ಬೇಡ.

ಇನ್ನೊಂದು ಮಾತು. ಎಟಿಎಂ ಅಥವಾ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಪಾವತಿಸುವಿರಾ?' ಎಂದು ಕೇಳಿದರೆ ರಿಯಾಲನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಇಟ್ಟದ್ದೇ ದರ.

ನಗದು ಪೂರ್ತಿ ಬಿಡಬೇಡಿ. ಸಾಮಾನ್ಯ ಪ್ರಯಾಣಿಕರಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ ವಿದೇಶಿ ನೋಟು ಸಿಗುತ್ತದೆ. ಹಜ್, ಉಮ್ರಾ ಯಾತ್ರಿಕರಿಗೆ ರಿಸರ್ವ್ ಬ್ಯಾಂಕ್ ಈ ಮಿತಿಯಿಂದ ವಿನಾಯಿತಿ ಕೊಟ್ಟಿದೆ. ಆದರೆ ದೊಡ್ಡ ಮೊತ್ತ ಒಯ್ದರೆ ಸೌದಿ ಕಸ್ಟಮ್ಸ್‌ಗೆ ಘೋಷಿಸಬೇಕು. ನಮ್ಮ ಹಿರಿಯರಿಗೆ ಬೇರೆಯೇ ಏರ್ಪಾಡಿತ್ತು: 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗೆಂದೇ 10 ಮತ್ತು 100 ರೂಪಾಯಿಯ ವಿಶೇಷ ನೋಟು ಹೊರತಂದಿತ್ತು. ಈಗ ನಮ್ಮ ಜಾಗ್ರತೆ ನಮಗೇ. ನಗದು ಸ್ವಲ್ಪ, ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್, ಅವನ್ನೂ ಬೇರೆ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ.

ಕಮಲಾಪುರದಲ್ಲಿ ಚಾಚಾ ಚಹಾ ಕುಡಿಸಿ ತಮ್ಮ ರುಪೇ ಕಾರ್ಡ್ ಮುಂದಿಟ್ಟರು. "ಮುಂದಿನ ತಿಂಗಳು ನಮ್ಮ ಬೇಗಂ, ಮಗಳು ಉಮ್ರಾಕ್ಕೆ ಹೊಂಟಾರ. ಇದು ಅಲ್ಲಿ ನಡೀತದೇನ್ರಿ?"

ತಿರುಗಿಸಿ ನೋಡಿದೆವು. ವಿದೇಶದಲ್ಲಿ ನಡೆಯುವ ರುಪೇ ಗ್ಲೋಬಲ್ ಕಾರ್ಡ್‌ನ ಹಿಂಬದಿ ಡಿಸ್ಕವರ್, ಡೈನರ್ಸ್ ಕ್ಲಬ್‌ನಂಥ ಗುರುತು ಇರುತ್ತದೆ. ಇದರಲ್ಲಿ ಇರಲಿಲ್ಲ. "ಇಲ್ಲ ಚಾಚಾ, ಈಗ್ಲೇ ಬ್ಯಾಂಕಿಗೆ ಹೋಗಿ ಬೇರೆ ಕಾರ್ಡಿಗೆ ಅರ್ಜಿ ಕೊಡಿ" ಎಂದೆವು.

ರಿಯಾಲ್ ಕೊಟ್ಟವರಿಗೆ ರಿಯಾಲೇ ಕೊಡಬೇಕು ಅಂತ ಉಮ್ಮ ಹಠ ಹಿಡಿದಿದ್ದರು. ಮೂರು ನೂರರ ನೋಟು ಕೊಟ್ಟೆವು. ಚಾಚಾ ಎಣಿಸಲೂ ಇಲ್ಲ, ಒಳಗೆ ಕರೆದು ಬೇಗಂ ಕೈಗೆ ಕೊಟ್ಟರು. "ತಗೋ, ನಿನ್ನ ದಾರಿಖರ್ಚಿಗೆ ಆಯ್ತು" ಎಂದರು.

ಉಮ್ಮನಿಗೆಂದು ಒಂದು ಚಿಪ್ಪು ಕೆಂಪು ಬಾಳೆಹಣ್ಣು ನಮ್ಮ ಜೊತೆ ಕಲಬುರಗಿಗೆ ಬಂತು.